ಕೈಯಲ್ಲಿ ಮಾಡಿದ ಪೂಕ್ಕೊ ಚಾಕು: ಆರಿಸುವುದು, ಬಳಸುವುದು, ಸಾಣೆ ಹಿಡಿಯುವುದು

ಫಿನ್ಲೆಂಡಿನ ಹಳ್ಳಿಗರು ಸೊಂಟದ ಬೆಲ್ಟಿಗೆ ನೇತುಹಾಕಿಕೊಳ್ಳುವ ಚಿಕ್ಕ ಚಾಕುವಿನ ಹೆಸರು ಪೂಕ್ಕೊ. ಅಂಗೈ ಅಗಲದಷ್ಟು ಉದ್ದದ ಅಲಗು, ಬರ್ಚ್ ಮರದ ಹಿಡಿ, ಚರ್ಮದ ಆಳವಾದ ಒರೆ. ನೋಡೋಕೆ ಇಷ್ಟೇ. ಸ್ವೀಡನ್ನಿನ ಮೋರಾ ಚಾಕು, ನಾರ್ವೆಯ ತೊಲ್ಲೆಕ್ನಿವ್ ಎರಡೂ ಇದೇ ಜಾತಿಗೆ ಸೇರಿದವು.

ಕಮ್ಮಾರರು ಕೈಯಲ್ಲಿ ಮಾಡಿದ ಪೂಕ್ಕೊವನ್ನು ದುಬಾರಿ ಬೆಲೆ ಕೊಟ್ಟು ತರಿಸಿ, ಗಾಜಿನ ಕಪಾಟಿನಲ್ಲಿ ಇಟ್ಟುಬಿಡುವವರು ಬಹಳ ಜನ. ನನಗೆ ಅದು ಬೇಜಾರಿನ ವಿಷಯ. ಪೂಕ್ಕೊ ಹುಟ್ಟಿದ್ದೇ ಕೆಲಸಕ್ಕೆ. ಅದನ್ನು ಮಾಡಿದವನ ಜಾಣತನ ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತದೆ. ಮರ ಕೆತ್ತಬೇಕು, ಮೊಂಡಾದಾಗ ನೀವೇ ಸಾಣೆ ಹಿಡಿಯಬೇಕು. ಆಗ ಇದು ಯಾಕೆ ಹೀಗಿದೆ ಅನ್ನೋದು ತಾನಾಗಿಯೇ ತಿಳಿಯುತ್ತದೆ.

ಮೊದಲು ಇಳಿಜಾರು ಅರ್ಥವಾಗಬೇಕು

ಅಡುಗೆಮನೆಯ ಚಾಕುವಿನ ಅಲಗು ಬೆನ್ನಿನಿಂದಲೇ ತೆಳುವಾಗುತ್ತಾ ಬರುತ್ತದೆ. ಕೊನೆಗೆ ಅಂಚಿನಲ್ಲಿ ಕೂದಲೆಳೆಯಷ್ಟು ಅಗಲದ ಇನ್ನೊಂದು ಸಣ್ಣ ಇಳಿಜಾರು ಇರುತ್ತದೆ. ಪೂಕ್ಕೊದಲ್ಲಿ ಹಾಗಲ್ಲ. ಅಲಗು ಅರ್ಧದವರೆಗೂ ಪೂರ್ತಿ ದಪ್ಪವಾಗಿರುತ್ತದೆ. ಅಲ್ಲಿಂದ ಅಂಚಿನವರೆಗೆ ಎರಡೂ ಬದಿ ಒಂದೊಂದೇ ಅಗಲವಾದ, ಸಪಾಟಾದ ಇಳಿಜಾರು. ಎರಡೂ ಬಂದು ಸೇರುವ ಕಡೆಯೇ ಬಾಯಿ. ಚಾಕು ಪ್ರಿಯರು ಇದನ್ನು ಸ್ಕ್ಯಾಂಡಿ ಗ್ರೈಂಡ್ ಅನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ಅಲಗು 4 ಮಿಲಿಮೀಟರ್ ದಪ್ಪ, ಇಳಿಜಾರು ಸುಮಾರು 10 ಮಿಲಿಮೀಟರ್ ಅಗಲ ಅಂದ್ರೆ ಒಂದೊಂದು ಬದಿಯ ಕೋನ ಸುಮಾರು 11 ಡಿಗ್ರಿ, ಎರಡೂ ಸೇರಿ 22ರ ಆಸುಪಾಸು. ಸಾಮಾನ್ಯವಾಗಿ ಈ ಚಾಕುಗಳ ಒಟ್ಟು ಕೋನ 20ರಿಂದ 25 ಡಿಗ್ರಿ ಒಳಗೇ ಇರುತ್ತದೆ. ಬಾಯಿ ತೀಕ್ಷ್ಣ, ಬೆನ್ನು ಗಟ್ಟಿ.

ಇದರಿಂದ ಎರಡು ಲಾಭ. ಮರದ ಮೇಲೆ ಇಳಿಜಾರನ್ನು ಒರಗಿಸಿ ತಳ್ಳಿದರೆ ಅದೇ ದಾರಿ ತೋರಿಸುತ್ತದೆ, ಎಷ್ಟು ತೆಳುವಾದ ಸಿಪ್ಪೆ ಬೇಕೋ ಅಷ್ಟೇ ಬರುತ್ತದೆ. ಸಾಣೆ ಹಿಡಿಯುವಾಗಲೂ ಇಳಿಜಾರನ್ನು ಕಲ್ಲಿನ ಮೇಲೆ ಸಪಾಟಾಗಿ ಕೂರಿಸಿದರೆ ಸಾಕು, ಕೋನ ತಾನೇ ಸಿಗುತ್ತದೆ. ಮುಂದೆ ಹೇಳುವುದೆಲ್ಲ ಈ ಸಪಾಟು ಇಳಿಜಾರನ್ನು ಕಾಪಾಡಿಕೊಳ್ಳುವ ಮಾತೇ.

ಕೊಳ್ಳುವಾಗ

ಮೊದಲ ಸಲಹೆ ವಿಚಿತ್ರ ಅನ್ನಿಸಬಹುದು: ಕೈಕೆಲಸದ ಚಾಕು ಕೊಳ್ಳುವ ಮುಂಚೆ ಒಂದು ಅಗ್ಗದ ಮೋರಾ ಕೊಳ್ಳಿ. ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದ ಮೋರಾದಲ್ಲಿ 1891ರಿಂದ ಕಾರ್ಖಾನೆ ಚಾಕುಗಳು ತಯಾರಾಗುತ್ತಿವೆ. ಇಳಿಜಾರು ಇದೇ ಥರದ್ದು. ಮರ ಕೆತ್ತುವುದು, ಸಾಣೆ ಹಿಡಿಯುವುದು ಎರಡನ್ನೂ ಅದರ ಮೇಲೆ ಕಲಿಯಿರಿ. ಕೈ ಪಳಗಿದ ಮೇಲೆ ನಿಮಗೆ ಎಂಥ ಹಿಡಿ ಬೇಕು, ಎಷ್ಟು ಉದ್ದದ ಅಲಗು ಬೇಕು ಅನ್ನೋದು ನಿಮಗೇ ಗೊತ್ತಿರುತ್ತದೆ.

ಪೂಕ್ಕೊಗೆ ಹೆಸರಾದ ಊರುಗಳಿವೆ. ಪಶ್ಚಿಮ ಫಿನ್ಲೆಂಡಿನ ಕೌಹವಾದಲ್ಲಿ ಈಸಾಕ್ಕಿ ಯಾರ್ವೆನ್‌ಪಾ 1879ರಲ್ಲಿ ಶುರುಮಾಡಿದ ಕೆಲಸದಿಂದ ಕುದುರೆ ತಲೆಯ ಹಿಡಿಯಿರುವ ಚಾಕು ಪ್ರಸಿದ್ಧವಾಯಿತು. ಲಾಪ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ ಯಾನ್ನೆ ಮಾರ್ತೀನಿ 1928ರಲ್ಲಿ ಶುರುಮಾಡಿದ ಕಂಪನಿ ಇಂದಿಗೂ ಇದೆ. ಇವಲ್ಲದೆ ಒಬ್ಬರೇ ಕೂತು ಅಲಗು ಬಡಿದು, ಹಿಡಿ ಕೆತ್ತಿ, ಒರೆಯನ್ನೂ ಹೊಲಿಯುವ ಕಮ್ಮಾರರು ಇದ್ದಾರೆ. ನಾನು ಈ ಬರಹದಲ್ಲಿ ಕೈಕೆಲಸದ ಪೂಕ್ಕೊ ಅನ್ನುವಾಗ ಮನಸ್ಸಿನಲ್ಲಿರುವುದು ಅವರ ಚಾಕು.

ಅಳತೆ: ಅಲಗು 8ರಿಂದ 10 ಸೆಂಟಿಮೀಟರ್ ಇದ್ದರೆ ಎಲ್ಲ ಕೆಲಸಕ್ಕೂ ಸರಿ. ಉದ್ದ ಜಾಸ್ತಿಯಾದರೆ ಅಬ್ಬರ ಹೆಚ್ಚು, ಹಿಡಿತ ಕಡಿಮೆ. ಮರ ಕೆತ್ತುವುದೇ ಮುಖ್ಯ ಅನ್ನುವವರು 8ರ ಹತ್ತಿರವೇ ಇರಲಿ.

ಉಕ್ಕು: ಹಳೆಯ ಪದ್ಧತಿಯ ಕಮ್ಮಾರರು ಹೆಚ್ಚಾಗಿ ಬಳಸುವುದು ಕಾರ್ಬನ್ ಉಕ್ಕು. 80ಸಿಆರ್‌ವಿ2 ಅನ್ನುವುದರಲ್ಲಿ ಸುಮಾರು 0.8% ಕಾರ್ಬನ್ ಇರುತ್ತದೆ, ಪೆಟ್ಟು ತಾಳುತ್ತದೆ. 115ಸಿಆರ್‌ವಿ3 ಅನ್ನುವುದರಲ್ಲಿ 1.1%ಗಿಂತ ಜಾಸ್ತಿ, ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡೂ ತುಕ್ಕು ಹಿಡಿಯುತ್ತವೆ. ನೀವು ಮಂಗಳೂರಿನಲ್ಲೋ ಆಗುಂಬೆ ಕಡೆಯೋ ಇದ್ದು, ಚಾಕು ಒರೆಸುವ ತಾಳ್ಮೆ ಇಲ್ಲ ಅಂದ್ರೆ ಸುಮ್ನೆ ಸ್ಟೇನ್‌ಲೆಸ್ ಅಲಗಿನದ್ದನ್ನೇ ತಗೊಳ್ಳಿ. ನಾರ್ವೆಯ ಹೆಲ್ಲೆ ಕಂಪನಿ 1932ರಿಂದ ಚಾಕು ಮಾಡುತ್ತಿದೆ. ಅವರ ಅನೇಕ ಅಲಗುಗಳಲ್ಲಿ ಗಟ್ಟಿ ಉಕ್ಕನ್ನು ನಡುವೆ ಇಟ್ಟು ಎರಡೂ ಕಡೆ ಮೆದು ಉಕ್ಕನ್ನು ಬೆಸೆದಿರುತ್ತಾರೆ. ಮನಸ್ಸು ಮಾಡಿದವರಿಗೆ ಮಾತ್ರ ನನ್ನ ಮತ ಕಾರ್ಬನ್ ಉಕ್ಕಿಗೇ. ಸಾಣೆಗೆ ಅಷ್ಟು ಚೆನ್ನಾಗಿ ಒಗ್ಗುತ್ತದೆ.

ಹಿಡಿ: ವಿಸಕೊಯ್ವು ಅನ್ನುವ ಸುರುಳಿ ಬರ್ಚ್ ಮರದ ಹಿಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆಣ್ಣೆ ಬಣ್ಣದ ಮರದಲ್ಲಿ ಕಂದು ಚುಕ್ಕೆ, ಗೆರೆ, ಸುಳಿ. ಎರಡು ಹಿಡಿ ಒಂದೇ ಥರ ಇರೋದಿಲ್ಲ. ಇನ್ನೊಂದು ಬರ್ಚ್ ತೊಗಟೆಯ ಹಿಡಿ. ತೊಗಟೆಯ ಚಿಕ್ಕ ಚಿಕ್ಕ ತುಂಡುಗಳನ್ನು ಒಂದರ ಮೇಲೊಂದು ಪೋಣಿಸಿ, ಬಿಗಿಯಾಗಿ ಒತ್ತಿ, ಆಮೇಲೆ ಉಜ್ಜಿ ಆಕಾರ ಕೊಟ್ಟಿರುತ್ತಾರೆ. ಕೈ ಒದ್ದೆಯಾದರೂ ಜಾರುವುದಿಲ್ಲ, ಚಳಿಯಲ್ಲಿ ಮುಟ್ಟಿದರೂ ತಣ್ಣಗೆ ಕೊರೆಯುವುದಿಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಲೋಹ ಮುಟ್ಟುವುದು ಅಂದ್ರೆ ಚರ್ಮ ಕಳೆದುಕೊಳ್ಳುವುದೇ. ಪೂಕ್ಕೊದ ಉಕ್ಕಿನ ಬಾಲ ಹಿಡಿಯೊಳಗೆ ಅಡಗಿರುವುದಕ್ಕೆ ಅದೂ ಒಂದು ಕಾರಣ.

ಕೈಗೆ ಬಂದಾಗ ನಿಧಾನವಾಗಿ ನೋಡಿ

ಪೊಟ್ಟಣ ಬಿಚ್ಚಿದ ಕೂಡಲೇ ಏನನ್ನೂ ಕತ್ತರಿಸಬೇಡಿ. ಕಿಟಕಿ ಹತ್ತಿರ ಕೂತು ಬೆಳಕಿನಲ್ಲಿ ನೋಡಿ.

ಚಾಕುವಿನ ಮೊನೆ ನಿಮ್ಮಿಂದ ಆಚೆಗಿರಲಿ. ಒಂದು ಕಣ್ಣು ಮುಚ್ಚಿ ಬೆನ್ನಿನ ಉದ್ದಕ್ಕೂ ನೋಟ ಹಾಯಿಸಿ. ಬೆನ್ನು ಎಲ್ಲೂ ಸೊಟ್ಟಗಾಗಿರಬಾರದು, ಹಿಡಿಯ ನಡುಗೆರೆಗೆ ನೇರವಾಗಿರಬೇಕು. ಆಮೇಲೆ ಅಲಗನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾ ಇಳಿಜಾರಿನ ಮೇಲೆ ಬೆಳಕು ಬೀಳಿಸಿ. ಸಪಾಟಾದ ಇಳಿಜಾರಾದರೆ ಬೆಳಕು ಒಂದೇ ಸಲಕ್ಕೆ ಹಿಡಿಯಿಂದ ಮೊನೆ ಬಾಗುವವರೆಗೆ ಫಳಕ್ಕನೆ ಹೊಳೆದು, ಒಂದೇ ಸಲಕ್ಕೆ ಆರುತ್ತದೆ. ಬೆಳಕು ಅಲೆ ಅಲೆಯಾಗಿ ಸರಿದರೆ ಮೇಲ್ಮೈಯಲ್ಲಿ ಉಬ್ಬು ತಗ್ಗು ಇದೆ ಅಂತ ಅರ್ಥ. ಇಳಿಜಾರು ಶುರುವಾಗುವ ಗೆರೆ ಎರಡೂ ಬದಿಯಲ್ಲಿ ಒಂದೇ ಎತ್ತರದಲ್ಲಿದೆಯಾ ಅಂತಲೂ ನೋಡಿ.

ಅಲಗು ಹಿಡಿಗೆ ಸೇರುವಲ್ಲಿ ಹಿತ್ತಾಳೆಯ ಅಥವಾ ನಿಕಲ್ ಸಿಲ್ವರಿನ ಬಳೆ ಇರುತ್ತದೆ. ಕಮ್ಮಾರನ ಶಿಸ್ತು ಕಾಣುವುದು ಇಲ್ಲೇ. ಬಳೆಯ ಸೀಳಿನಲ್ಲಿ ಅಲಗು ಸಂದಿಲ್ಲದೆ ಕೂತಿರಬೇಕು. ಬಳೆ ಮತ್ತು ಮರ ಸೇರುವ ಕಡೆ ಉಗುರು ಆಡಿಸಿದರೆ ತಡೆಯಬಾರದು. ಹಿಡಿಯ ಹಿಂದಿನ ತುದಿ ನೋಡಿ. ಹಳೆಯ ಪದ್ಧತಿಯಲ್ಲಿ ಅಲಗಿನ ಬಾಲ ಹಿಡಿಯನ್ನು ಪೂರ್ತಿ ಹಾದು ಬಂದು, ಅಲ್ಲಿ ಲೋಹದ ತಗಡಿನ ಮೇಲೆ ಸುತ್ತಿಗೆಯಿಂದ ಬಡಿದು ಅಗಲ ಮಾಡಿದ ಗುಂಡಿ ಕಾಣುತ್ತದೆ. ಬರೀ ಅಂಟಿನ ಮೇಲೆ ನಿಂತಿರುವುದಕ್ಕಿಂತ ಇದು ನಂಬಿಕಸ್ಥ.

ಒರೆಯದ್ದೇ ಒಂದು ಕಥೆ. ಒಳ್ಳೆಯ ಪೂಕ್ಕೊದಲ್ಲಿ ಅಲಗಷ್ಟೇ ಅಲ್ಲ, ಹಿಡಿಯ ಬಹುಪಾಲೂ ಒರೆಯೊಳಗೆ ಹೋಗುತ್ತದೆ. ಗುಂಡಿ ಇಲ್ಲ, ಪಟ್ಟಿ ಇಲ್ಲ. ಒದ್ದೆ ಚರ್ಮವನ್ನು ಆ ಚಾಕುವಿನ ಮೇಲೆಯೇ ಎಳೆದು ಒಣಗಿಸಿ ಆಕಾರ ಕೊಟ್ಟಿರುವುದರಿಂದ ಹಿಡಿಯ ಉಬ್ಬು ಚರ್ಮಕ್ಕೆ ಸಿಕ್ಕಿ ನಿಲ್ಲುತ್ತದೆ. ಒಳಗೆ ಅಲಗು ಕೂರಲು ಮರದ ತೆಳು ಗೂಡು ಇರುತ್ತದೆ, ಬಾಯಿ ಚರ್ಮವನ್ನು ಸೀಳದಿರಲಿ ಅಂತ. ಮೆತ್ತನೆಯ ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಬೀಳಬಾರದು. ಹೊರಗೆ ಎಳೆಯುವಾಗ ಹೆಬ್ಬೆರಳನ್ನು ಒರೆಯ ಬಾಯಿಗೆ ಒತ್ತಿ ತಳ್ಳಿ. ಮೊದಲು ಹಿಡಿ ಸಡಿಲವಾಗಬೇಕು, ಆಮೇಲೆ ಚಾಕು ಬರಬೇಕು. ಇನ್ನೊಂದು ಕೈಯಿಂದ ಒರೆಯ ನಡುವೆ, ಅಲಗಿನ ಬಾಯಿ ಇರುವ ಬದಿಯಲ್ಲಿ ಬೆರಳು ಸುತ್ತಿ ಹಿಡಿಯಬೇಡಿ.

ಕೆಲಸಕ್ಕೆ ಹಚ್ಚಿ

ಫಿನ್ಲೆಂಡಿನ ಜನಪದ ಶಾಲೆಗಳಲ್ಲಿ, ಅಂದ್ರೆ ಜನಸಾಮಾನ್ಯರ ಮಕ್ಕಳ ಪ್ರಾಥಮಿಕ ಶಾಲೆಗಳಲ್ಲಿ, 1866ರಲ್ಲೇ ಕೈಕೆಲಸವನ್ನು ಪಾಠವಾಗಿ ಸೇರಿಸಿದರು. ಸ್ವೀಡನ್ನಿನ ನ್ಯಾಸ್‌ನಲ್ಲಿ ಒಟ್ಟೊ ಸಾಲೊಮನ್ 1870ರ ದಶಕದಿಂದ ಮೇಷ್ಟ್ರುಗಳಿಗೆ ಮರಗೆಲಸ ಕಲಿಸುವ ತರಬೇತಿ ನಡೆಸಿದರು. ಇಂಥ ಪಾಠಗಳಲ್ಲಿ ಮಕ್ಕಳ ಕೈಗೆ ಮೊದಲು ಬರುತ್ತಿದ್ದ ಹತ್ಯಾರಗಳಲ್ಲಿ ಚಾಕು ಒಂದು. ನಾವೂ ಹಾಗೆಯೇ ಶುರುಮಾಡೋಣ.

ಮೆದುವಾದ, ಗಂಟಿಲ್ಲದ ಮರ ಬೇಕು. ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರದ ತುಂಡು ಸಿಕ್ಕರೆ ಬಹಳ ಒಳ್ಳೆಯದು. ಕಾಫಿ ತೋಟದ ಕಡೆಯವರಿಗೆ ಸಿಲ್ವರ್ ಓಕ್ ಹಸಿ ಕೊಂಬೆ ಆಗುತ್ತದೆ. ಹಸಿ ಮರ ಒಣ ಮರಕ್ಕಿಂತ ಎಷ್ಟೋ ಸುಲಭ.

ಹಿಡಿಯನ್ನು ಮುಷ್ಟಿಯಲ್ಲಿ ಪೂರ್ತಿ ಹಿಡಿಯಿರಿ. ಹೆಬ್ಬೆರಳನ್ನು ಬೆನ್ನಿನ ಮೇಲೆ ಚಾಚಬೇಡಿ. ಮೊಣಕೈ ಪಕ್ಕೆಗೆ ತಾಗಿರಲಿ. ಅಲಗಿನ ಹಿಡಿ ಕಡೆಯ ಭಾಗದಲ್ಲಿ ಕತ್ತರಿಸಿ, ಶಕ್ತಿ ಅಲ್ಲೇ ಜಾಸ್ತಿ. ತೋಳಿನಿಂದ ತಳ್ಳುವ ಬದಲು ಚಾಕು ಹಿಡಿದ ಕೈಯನ್ನು ಗಟ್ಟಿಯಾಗಿಟ್ಟು ಭುಜದಿಂದ ಒತ್ತಿ. ಸಣ್ಣ ಕೆಲಸಕ್ಕೆ, ಮರ ಹಿಡಿದ ಕೈಯ ಹೆಬ್ಬೆರಳನ್ನು ಅಲಗಿನ ಬೆನ್ನಿಗೆ ಆನಿಸಿ ಸ್ವಲ್ಪವೇ ತಳ್ಳಿ. ಒಂದೆರಡು ಮಿಲಿಮೀಟರ್ ಸರಿದರೆ ಸಾಕು. ಈ ಹಿಡಿತ ಬಂದರೆ ಅರ್ಧ ಕಲಿತ ಹಾಗೆ.

ತೊಡೆಗಳ ನಡುವೆ ಕತ್ತರಿಸಬೇಡಿ. ಒಳತೊಡೆಯ ರಕ್ತನಾಳ ಕುಯ್ದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಮೊಣಕಾಲಿನ ಆಚೆಗೆ, ಇಲ್ಲವೇ ಪಕ್ಕಕ್ಕೆ ತಿರುಗಿ ಕೆಲಸ ಮಾಡಿ. ಕೈಗೆ ಸಿಗುವ ದೂರದಲ್ಲಿ ಯಾರೂ ಕೂತಿರಬಾರದು. ಇನ್ನೊಂದು ಮಾತು: ಹಳೆಯ ಶೈಲಿಯ ಪೂಕ್ಕೊದಲ್ಲಿ ಬೆರಳು ತಡೆಯುವ ಅಡ್ಡಪಟ್ಟಿ ಇರುವುದಿಲ್ಲ. ಅದು ಎಳೆದು, ತಳ್ಳಿ ಕತ್ತರಿಸುವ ಚಾಕು. ಮೊನೆಯಿಂದ ಏನನ್ನಾದರೂ ಜೋರಾಗಿ ತಿವಿದರೆ ಕೈ ಜಾರಿ ಬಾಯಿಯ ಮೇಲೆ ಬರುತ್ತದೆ. ಡಬ್ಬಿಯ ಮುಚ್ಚಳ ಮೀಟುವುದು, ಸ್ಕ್ರೂ ತಿರುಗಿಸುವುದು ಇವೂ ಬೇಡ. ಮೊನೆ ಮುರಿಯುತ್ತದೆ.

ಅಡುಗೆಗೆ? ಮೀನು, ಕೋಳಿ, ಹಣ್ಣಿಗೆ ಚೆನ್ನಾಗಿದೆ. ಕ್ಯಾರೆಟ್ ಮಾತ್ರ ಕುಯ್ಯುವ ಬದಲು ಸೀಳುತ್ತದೆ, ಅಲಗು ದಪ್ಪ ನೋಡಿ.

ಸಾಣೆ

ಮೊದಲು ಒಂದು ಎಚ್ಚರಿಕೆ. ಬೀದಿಯಲ್ಲಿ ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರು ಅಡುಗೆ ಚಾಕು, ಕತ್ತರಿಗೆ ಬಹಳ ಉಪಕಾರಿ. ಅವರ ಕೈಗೂ ಪೂಕ್ಕೊ ಕೊಡಬೇಡಿ, ಮೋಟಾರ್ ಚಕ್ರಕ್ಕಂತೂ ಬೇಡವೇ ಬೇಡ. ಚಕ್ರ ಗುಂಡಗಿರುವುದರಿಂದ ಸಪಾಟು ಇಳಿಜಾರು ಹಾಳಾಗುತ್ತದೆ. ಬಿಸಿಯ ಭಯವೂ ಇದೆ. ಕಮ್ಮಾರ ಈ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಸುಮಾರು 200 ಡಿಗ್ರಿಯಲ್ಲಿ ಹದ ಮಾಡಿರುತ್ತಾನೆ. ಒಣ ಚಕ್ರದ ಮೇಲೆ ತೆಳು ಅಂಚು ಅದಕ್ಕಿಂತ ಬಿಸಿಯಾದರೆ ಗಟ್ಟಿತನ ಹೋಗುತ್ತದೆ. ಅಂಚು ನೀಲಿಯಾಯಿತು ಅಂದ್ರೆ 300ರ ಹತ್ತಿರ ಹೋಗಿತ್ತು ಅಂತಲೇ ಲೆಕ್ಕ. ಆ ಭಾಗ ಮತ್ತೆ ಹರಿತ ಹಿಡಿದಿಟ್ಟುಕೊಳ್ಳುವುದಿಲ್ಲ.

ಬೇಕಾಗಿರುವುದು ಇಷ್ಟು: 1000 ಗ್ರಿಟ್ಟಿನ ನೀರು ಕಲ್ಲು (ನೀರು ಹಾಕಿ ಬಳಸುವ ಸಾಣೆಕಲ್ಲು; ಗ್ರಿಟ್ ಅಂಕಿ ಹೆಚ್ಚಾದಷ್ಟೂ ಕಲ್ಲು ನಯ), 3000 ಅಥವಾ 4000ದ ಇನ್ನೊಂದು, ಮರದ ಪಟ್ಟಿಗೆ ಅಂಟಿಸಿದ ಚರ್ಮ, ಅದಕ್ಕೆ ಹಚ್ಚಲು ಹಸಿರು ಪಾಲಿಶ್ ಪೇಸ್ಟ್. ಅಂಚು ಹಲ್ಲು ಬಿದ್ದಿದ್ದರೆ ಮಾತ್ರ 400ರ ಕಲ್ಲು ಬೇಕು. ಕಲ್ಲು ಸಪಾಟಾಗಿರಲೇಬೇಕು. ನಡುವೆ ಗುಳಿ ಬಿದ್ದ ಕಲ್ಲು ಇಳಿಜಾರನ್ನು ಉಬ್ಬಿಸುತ್ತದೆ. ದಪ್ಪ ಗಾಜಿನ ಮೇಲೆ ನೀರು ಹಾಕಿ ಬಳಸುವ ಮರಳು ಕಾಗದ ಹಾಸಿ ಕಲ್ಲನ್ನು ಉಜ್ಜಿದರೆ ಸಮವಾಗುತ್ತದೆ.

ಮಾರ್ಕರ್ ಪೆನ್ನಿನಿಂದ ಇಳಿಜಾರಿಗೆ ಪೂರ್ತಿ ಬಣ್ಣ ಬಳಿಯಿರಿ. ಒದ್ದೆ ಕಲ್ಲಿನ ಮೇಲೆ ಇಳಿಜಾರನ್ನು ಇಟ್ಟು, ಎರಡು ಬೆರಳಿಂದ ಅದರ ಮೇಲೆಯೇ ಒತ್ತಿ. ಅಲಗು ಹಿಂದೆ ಮುಂದೆ ವಾಲದೆ ಪಟ್ಟಾಗಿ ಕೂತಾಗ ಬೆರಳಿಗೆ ಗೊತ್ತಾಗುತ್ತದೆ. ಆ ಸ್ಥಿತಿಯನ್ನು ಬಿಡದೆ ನಾಲ್ಕಾರು ಸಲ ಉಜ್ಜಿ, ಎತ್ತಿ ನೋಡಿ. ಬಣ್ಣ ಎಲ್ಲ ಕಡೆ ಸಮನಾಗಿ ಹೋಗಿದ್ದರೆ ಸರಿ. ಅಂಚಿನಲ್ಲಿ ಮಾತ್ರ ಹೋಗಿದ್ದರೆ ಬೆನ್ನು ಎತ್ತಿದ್ದೀರಿ. ಮೇಲಿನ ಗೆರೆಯಲ್ಲಿ ಮಾತ್ರ ಹೋಗಿದ್ದರೆ ಬೆನ್ನನ್ನು ಜಾಸ್ತಿ ಒತ್ತಿದ್ದೀರಿ. ಕೆಲವು ಕಮ್ಮಾರರು ಅಂಚಿಗೆ ಬೇಕಂತಲೇ ಒಂದು ಅತಿಸಣ್ಣ ಎರಡನೇ ಕೋನ ಕೊಟ್ಟಿರುತ್ತಾರೆ, ಆಗ ಅಂಚಿನ ಬಣ್ಣ ಉಳಿದುಕೊಳ್ಳುತ್ತದೆ. ಅದನ್ನು ಇಟ್ಟುಕೊಳ್ಳಬೇಕಾ ತೆಗೆಯಬೇಕಾ ಅಂತ ಮಾಡಿದವರನ್ನೇ ಕೇಳುವುದು ಒಳ್ಳೆಯದು. ಗಟ್ಟಿ ಮರ ಕೆತ್ತುವವರಿಗೆ ಅದು ಇರುವುದೇ ವಾಸಿ.

ಮೊನೆಯ ಹತ್ತಿರ ಅಲಗು ಬಾಗುತ್ತದಲ್ಲ, ಅಲ್ಲಿ ಹಿಡಿಯನ್ನು ಸ್ವಲ್ಪ ಮೇಲೆತ್ತುತ್ತಾ ಹೋಗಿ. ಹೆಚ್ಚು ಜನ ಎಡವುವುದು ಇಲ್ಲೇ. ಬಾಗಿನ ಭಾಗವನ್ನು ಬೇರೆಯಾಗಿ, ಚಿಕ್ಕ ಚಿಕ್ಕ ಎಳೆತದಲ್ಲಿ ಮಾಡಿ.

ಉಜ್ಜುತ್ತಾ ಹೋದಂತೆ ಉಕ್ಕಿನ ತೀರ ತೆಳು ಪದರ ಅಂಚಿನಿಂದ ಆಚೆ ಬದಿಗೆ ಮಡಚಿಕೊಳ್ಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಅಂಚಿನ ಆಚೆಗೆ ಸವರಿದರೆ ತರಿತರಿಯಾಗಿ ತಾಗುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ. ಆ ತರಿ ಹಿಡಿಯಿಂದ ಮೊನೆಯವರೆಗೆ ಎಲ್ಲ ಕಡೆ ಬರುವತನಕ ಬದಿ ಬದಲಿಸಬೇಡಿ. ಅದು ಬಂದರೆ ಇಳಿಜಾರು ಅಂಚಿನವರೆಗೂ ತಲುಪಿದೆ ಅಂತ ಖಾತ್ರಿ. ಆಮೇಲೆ ಇನ್ನೊಂದು ಬದಿ, ಅಷ್ಟೇ ಹೊತ್ತು. ನಂತರ ನಯವಾದ ಕಲ್ಲಿಗೆ ಹೋಗಿ. ಈಗ ಒತ್ತಡ ಕಡಿಮೆ ಮಾಡುತ್ತಾ, ಒಂದು ಸಲ ಈ ಬದಿ ಒಂದು ಸಲ ಆ ಬದಿ ಅಂತ ಬದಲಿಸಿ. ಕೊನೆಗೆ ಅಲಗಿನ ಬರೀ ತೂಕ ಸಾಕು.

ಚರ್ಮದ ಪಟ್ಟಿಯ ಮೇಲೆ ಯಾವಾಗಲೂ ಬೆನ್ನು ಮುಂದೆ, ಬಾಯಿ ಹಿಂದೆ. ಇಲ್ಲೂ ಇಳಿಜಾರು ಪಟ್ಟಾಗಿ ಕೂರಬೇಕು. ಜೋರಾಗಿ ಒತ್ತಿದರೆ ಚರ್ಮ ತಗ್ಗಿ ಅಂಚನ್ನು ದುಂಡಗೆ ಮಾಡುತ್ತದೆ. ಹರಿತ ನೋಡಲು ಹಾಲೆ ಮರದ ಅಡ್ಡಭಾಗವನ್ನು ಕೆತ್ತಿ. ಕುಯ್ದ ಜಾಗ ಹೊಳೆಯಬೇಕು, ಬಿಳಿ ಗೀರು ಇರಬಾರದು. ಗೀರು ಇದ್ದರೆ ಅಂಚಿನಲ್ಲಿ ಇನ್ನೂ ಎಲ್ಲೋ ತರಿ ಉಳಿದಿದೆ.

ಕೆಲಸ ಮಾಡುವಾಗ ಆಗಾಗ ಚರ್ಮಕ್ಕೆ ಉಜ್ಜುತ್ತಿದ್ದರೆ ಕಲ್ಲಿನ ಅವಶ್ಯಕತೆ ಅಪರೂಪಕ್ಕೆ ಬರುತ್ತದೆ. ಕಲ್ಲಿಗೆ ಹಾಕಿದಷ್ಟೂ ಅಲಗು ಸವೆಯುತ್ತದೆ ಅನ್ನೋದು ನೆನಪಿರಲಿ.

ತುಕ್ಕು, ಹಿಡಿ, ಒರೆ

ಕಾರ್ಬನ್ ಉಕ್ಕಿನ ಬಣ್ಣ ಬದಲಾಗುತ್ತದೆ. ಹಣ್ಣು, ಆಲೂಗಡ್ಡೆ, ಮಾಂಸ ಕುಯ್ದಂತೆ ಬೂದು, ನೀಲಿ ಛಾಯೆ ಬರುತ್ತದೆ. ಅದನ್ನು ಉಜ್ಜಿ ತೆಗೆಯಬೇಡಿ, ಅದು ಅಲಗಿಗೆ ಒಂದಿಷ್ಟು ರಕ್ಷಣೆಯೇ. ಕೆಂಪು ಪುಡಿ ಥರದ ತುಕ್ಕು ಬೇರೆ. ಅದು ಕಂಡ ದಿನವೇ ನಯವಾದ ಉಕ್ಕಿನ ನಾರಿಗೆ ಎಣ್ಣೆ ಹಚ್ಚಿ ತೆಗೆಯಿರಿ. ನಿಂಬೆ, ಹುಣಸೆ, ಟೊಮೆಟೊ ಮುಟ್ಟಿದ ಅಲಗನ್ನು ತಕ್ಷಣ ತೊಳೆದು ಒರೆಸಿ. ಸಿಂಕಿನಲ್ಲಿ ಬಿಡಬೇಡಿ.

ಒಣಗಿಸಿದ ಮೇಲೆ ತೆಳುವಾಗಿ ಎಣ್ಣೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಅಗ್ಗ, ಕಮಟು ವಾಸನೆ ಬರುವುದಿಲ್ಲ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ.

ಹಿಡಿಗೆ ಹಸಿ ಅಗಸೆ ಎಣ್ಣೆ ಬೇಕು. ಉತ್ತರ ಕರ್ನಾಟಕದವರಿಗೆ ಗಾಣದಲ್ಲೇ ಸಿಗುತ್ತದೆ. ನಾಲ್ಕು ಹನಿ ಬಟ್ಟೆಗೆ ಹಾಕಿ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದನ್ನು ಒರೆಸಿ, ದಿನಗಟ್ಟಲೆ ಒಣಗಲು ಬಿಡಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿ ಬಿಸಾಡಿ.

ಒರೆಗೆ ಎಣ್ಣೆ ಕುಡಿಸಬೇಡಿ. ಚರ್ಮ ಮೆತ್ತಗಾದರೆ ಬಿಗಿ ಹೋಗಿ ಚಾಕು ಸಡಿಲವಾಗುತ್ತದೆ. ವರ್ಷಕ್ಕೊಂದು ಸಲ ಜೇನುಮೇಣ ತೆಳುವಾಗಿ ಸವರಿದರೆ ಸಾಕು. ಒದ್ದೆಯಾದರೆ ನೆರಳಿನಲ್ಲಿ ಒಣಗಲಿ, ಬಿಸಿಲಿಗೂ ಒಲೆ ಹತ್ತಿರಕ್ಕೂ ಬೇಡ.

ಎಲ್ಲಕ್ಕಿಂತ ಮುಖ್ಯ: ಚಾಕುವನ್ನು ಒರೆಯೊಳಗೆ ಇಟ್ಟು ತಿಂಗಳುಗಟ್ಟಲೆ ಬಿಡಬೇಡಿ. ಒರೆ ಇರುವುದು ಜೊತೆಗೆ ಒಯ್ಯಲಿಕ್ಕೆ. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದಾಗಿನ ಉಪ್ಪಿನಂಶವೂ ಅದರಲ್ಲಿ ಇರಬಹುದು. ಮಲೆನಾಡಿನ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು, ಅಲಗಿಗೆ ತುಕ್ಕು ಎರಡೂ ಒಟ್ಟಿಗೆ ಬರುತ್ತವೆ. ಎಣ್ಣೆ ಸವರಿದ ಚಾಕುವನ್ನು ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮಕ್ಕಳಿರುವ ಮನೆಯಾದರೆ ಬೀಗವೂ ಇರಲಿ. ಒರೆಯನ್ನು ಗಾಳಿ ಆಡುವ ಕಡೆ ಬೇರೆ ಇಡಿ.

ತರಿಸುವಾಗ, ಒಯ್ಯುವಾಗ

ಚಾಕುವಿನ ತವರಾದ ಫಿನ್ಲೆಂಡ್, ಸ್ವೀಡನ್ನುಗಳಲ್ಲೇ ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಚಾಕು ಇಟ್ಟುಕೊಂಡು ಓಡಾಡುವಂತಿಲ್ಲ. ಮೀನು ಹಿಡಿಯಲು, ಕಾಡಿಗೆ, ಮರಗೆಲಸಕ್ಕೆ ಹೋಗುವಾಗ ಸರಿ. ಪೇಟೆ ಸುತ್ತಲು ಅಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ಮರೆಯಬಾರದು. ಭಾರತದ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತಾಡುತ್ತವೆ. ಪೂಕ್ಕೊ ಅದರ ಅರ್ಧದಷ್ಟೂ ಇಲ್ಲ. ಹಾಗಂತ ಬಸ್ಸು, ಮೆಟ್ರೋ, ಜಾತ್ರೆಗೆ ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗಬೇಡಿ. ತೋಟಕ್ಕೆ ಒಯ್ಯುವುದಾದರೆ ಒರೆಯಲ್ಲಿಟ್ಟು, ಬಟ್ಟೆ ಸುತ್ತಿ, ಬ್ಯಾಗಿನ ತಳದಲ್ಲಿ.

ವಿಮಾನದಲ್ಲಿ ತರುವಾಗ ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ಮೊನೆಗೆ ದಪ್ಪ ರಟ್ಟು ಸುತ್ತಿ. ಹಿಮಸಾರಂಗದ ಕೊಂಬಿನ ಹಿಡಿ ಎಷ್ಟು ಚೆಂದವಿದ್ದರೂ ಊರಿಗೆ ತರಲು ಮರದ ಹಿಡಿಯದ್ದನ್ನೇ ಆರಿಸಿ ಅನ್ನುತ್ತೇನೆ. ನಮ್ಮಲ್ಲಿ ಜಿಂಕೆ, ಕಡವೆಗಳ ಕೊಂಬಿನ ವ್ಯಾಪಾರವನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ. ಇದು ಬೇರೆ ಪ್ರಾಣಿಯ ಕೊಂಬು ಅಂತ ಕಸ್ಟಮ್ಸಿನವರಿಗೆ ನೀವೇ ವಿವರಿಸಬೇಕಾಗುತ್ತದೆ. ತಂದೇ ತರುತ್ತೀರಿ ಅಂದ್ರೆ, ಯಾವ ಪ್ರಾಣಿಯದ್ದು ಅಂತ ಬರೆದಿರುವ ಬಿಲ್ಲನ್ನು ಮಾಡಿದವರಿಂದ ಕೇಳಿ ಪಡೆದು ಪಾಸ್‌ಪೋರ್ಟಿನ ಜೊತೆಗೆ ಇಟ್ಟುಕೊಳ್ಳಿ.